ಗುದ್ದಬಹುದು, ಆದರೆ ಎಲ್ಲಿಗೆ ಮತ್ತು ಯಾಕೆ: ನಾಸ್ಕಾರ್‌ನಲ್ಲಿ ಅಪಘಾತ, ನಿಯಮ ಮತ್ತು ನ್ಯಾಯ

2024ರ ಆಗಸ್ಟ್ 11ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಟ್ರ್ಯಾಕ್‌ನಲ್ಲಿ ನಡೆದ, ಅಲ್ಲಿನ ಸ್ಟಾಕ್ ಕಾರ್ ರೇಸಿಂಗ್ ಸಂಸ್ಥೆಯಾದ ನಾಸ್ಕಾರ್‌ನ ಅಗ್ರ ಸರಣಿ ಕಪ್‌ನ ರೇಸ್ ಮುಗಿಯಲು ಎರಡು ಸುತ್ತು ಬಾಕಿ ಇದ್ದಾಗ ಆಸ್ಟಿನ್ ಡಿಲನ್ ಎಲ್ಲರಿಗಿಂತ ಮುಂದಿದ್ದರು. ಋತುವಿನ ಅಂಕಪಟ್ಟಿಯಲ್ಲಿ ಅವರದು 32ನೇ ಸ್ಥಾನ. ಆದರೆ ಒಂದೇ ಒಂದು ರೇಸ್ ಗೆದ್ದರೂ ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಋತುವಿನ ಕೊನೆಯ ಹಂತಕ್ಕೆ, ಪ್ರವೇಶ ಸಿಗುವ ನಿಯಮ ಆಗ ಜಾರಿಯಲ್ಲಿತ್ತು. ಅಷ್ಟರಲ್ಲಿ ಹಿಂದೆ ಬೇರೆ ಇಬ್ಬರ ಕಾರುಗಳು ಡಿಕ್ಕಿ ಹೊಡೆದು, ಎಲ್ಲರೂ ನಿಧಾನಿಸಿ ಒಟ್ಟುಗೂಡಬೇಕೆಂದು ಸೂಚಿಸುವ ಹಳದಿ ಬಾವುಟ ಬೀಸಲ್ಪಟ್ಟಿತು, ಡಿಲನ್ ಗಳಿಸಿದ್ದ ಅಂತರವೆಲ್ಲ ಅಳಿಸಿಹೋಯಿತು, ರೇಸ್ ಹೆಚ್ಚುವರಿ ಸುತ್ತುಗಳಿಗೆ ಹೋಯಿತು. ಮರುಚಾಲನೆಯಲ್ಲಿ ಜೋಯಿ ಲೊಗಾನೊ ಮುನ್ನಡೆ ಕಿತ್ತುಕೊಂಡರು. ಕೊನೆಯ ಸುತ್ತಿನ ಮೂರನೇ ತಿರುವಿಗೆ ಡಿಲನ್ ವೇಗ ತಗ್ಗಿಸದೆ ನುಗ್ಗಿ ಲೊಗಾನೊ ಅವರ ಹಿಂಬದಿಗೆ ಗುದ್ದಿ ಅವರನ್ನು ತಿರುಗಿಸಿದರು. ಆ ಗೊಂದಲದಲ್ಲಿ ಒಳಬದಿಯಿಂದ ಮುಂದೆ ಸಾಗುತ್ತಿದ್ದ ಡೆನ್ನಿ ಹ್ಯಾಮ್ಲಿನ್ ಅವರ ಕಾರಿನ ಬಲ ಹಿಂಬದಿಗೆ ತಾಗಿಸಿ ಅವರನ್ನು ಗೋಡೆಗೆ ಕಳಿಸಿದರು. ತಾವು ಮೊದಲಿಗರಾಗಿ ಗೆರೆ ದಾಟಿದರು.

ಮೂರು ದಿನಗಳ ನಂತರ ಬಂದ ತೀರ್ಪು ವಿಚಿತ್ರವಾಗಿತ್ತು. ಗೆಲುವು ಡಿಲನ್ ಅವರದ್ದೇ, ಟ್ರೋಫಿ ಅವರದ್ದೇ, ದಾಖಲೆಯಲ್ಲಿ ಹೆಸರೂ ಅವರದ್ದೇ. ಆದರೆ ಆ ಗೆಲುವಿನಿಂದ ಪ್ಲೇಆಫ್ ಪ್ರವೇಶ ಮಾತ್ರ ಸಿಗುವುದಿಲ್ಲ, ಜತೆಗೆ 25 ಅಂಕ ಕಡಿತ. ಕೊನೆಯ ತಿರುವಿನಲ್ಲಿ ಹ್ಯಾಮ್ಲಿನ್ ಅವರನ್ನು ಕೆಡವುವಂತೆ ರೇಡಿಯೊದಲ್ಲಿ ಹೇಳಿದ ಅವರ ಸ್ಪಾಟರ್‌ಗೆ, ಅಂದರೆ ಎತ್ತರದಲ್ಲಿ ನಿಂತು ಚಾಲಕನಿಗೆ ಕಣ್ಣಾಗುವವನಿಗೆ, ಮೂರು ರೇಸ್‌ಗಳ ಅಮಾನತು. ಮೇಲ್ಮನವಿಯಲ್ಲಿ ಅದು ಒಂದಕ್ಕೆ ಇಳಿಯಿತು. ತಪ್ಪು ಮಾಡಿ ಗೆದ್ದಿದ್ದರೆ ಗೆಲುವನ್ನೇ ಕಿತ್ತುಕೊಳ್ಳಬೇಕು, ಮಾಡದಿದ್ದರೆ ಪ್ಲೇಆಫ್ ಹಕ್ಕನ್ನು ಯಾಕೆ ಕಿತ್ತುಕೊಳ್ಳಬೇಕು ಎಂದು ಕೇಳಿದವರಲ್ಲಿ ಎರಡೂ ಪಕ್ಷದವರಿದ್ದರು. ನನ್ನ ಮಟ್ಟಿಗೆ ಈ ಅರ್ಧಂಬರ್ಧ ತೀರ್ಪು ನಾಸ್ಕಾರ್ ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ಪ್ರಾಮಾಣಿಕ ಹೇಳಿಕೆ. ಗುದ್ದಿದ್ದಕ್ಕೆ ಸಿಗುವ ಬಹುಮಾನವನ್ನು ತಾನೇ ಅತಿಯಾಗಿ ಹಿಗ್ಗಿಸಿಬಿಟ್ಟಿದ್ದೇನೆ ಎಂಬುದನ್ನು ಆ ಸಂಸ್ಥೆ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿತ್ತು.

ಫಾರ್ಮುಲಾ ಒನ್ ನೋಡಿ ಬೆಳೆದ ನಮ್ಮಲ್ಲಿನ ಪ್ರೇಕ್ಷಕರಿಗೆ ಮೊದಲು ಒಂದು ಸಂಗತಿ ಸ್ಪಷ್ಟವಾಗಬೇಕು. ಅಲ್ಲಿನ ಕಾರುಗಳ ಚಕ್ರಗಳು ಹೊರಗೆ ಚಾಚಿಕೊಂಡಿರುತ್ತವೆ, ಮುಂಭಾಗದ ರೆಕ್ಕೆ ಸಣ್ಣ ತಾಗುವಿಕೆಗೂ ಮುರಿಯುತ್ತದೆ. ಹಾಗಾಗಿ ಮುಟ್ಟುವುದೇ ಸಾಮಾನ್ಯವಾಗಿ ತಪ್ಪು. ಸ್ಟಾಕ್ ಕಾರ್ ಹೊರನೋಟಕ್ಕೆ ರಸ್ತೆಯ ಸೆಡಾನ್‌ನಂತೆ ಚಕ್ರಗಳನ್ನು ಮೈಯೊಳಗೆ ಮುಚ್ಚಿಕೊಂಡ ಭಾರವಾದ ವಾಹನ. ಒಂದು ಮೈಲಿಗಿಂತ ಚಿಕ್ಕದಾದ ಓವಲ್, ಅಂದರೆ ಅಂಡಾಕಾರದ, ಟ್ರ್ಯಾಕ್‌ನಲ್ಲಿ ಮೂವತ್ತಾರು ಅಥವಾ ಅದಕ್ಕೂ ಹೆಚ್ಚು ಕಾರುಗಳು ಒಟ್ಟಿಗೆ ಸುತ್ತುವಾಗ ಮುಂದಿನವನ ಬಂಪರ್‌ಗೆ ಮೆಲ್ಲಗೆ ತಾಗಿಸಿ, ಅವನ ಚಕ್ರಗಳು ಕ್ಷಣಕಾಲ ಹಿಡಿತ ಕಳೆದುಕೊಂಡು ಕಾರು ಮೇಲಕ್ಕೆ ಸರಿದಾಗ ಒಳಬದಿಯಿಂದ ದಾಟಿಹೋಗುವುದು ಒಪ್ಪಿತವಾದ ಕೌಶಲ. ಅದನ್ನು ಬಂಪ್ ಅಂಡ್ ರನ್ ಎನ್ನುತ್ತಾರೆ. ಫಾರ್ಮುಲಾ ಒನ್‌ನಿಂದ ಹೋದ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2010ರಲ್ಲಿ ನಾಸ್ಕಾರ್‌ನ ಪಿಕಪ್ ಟ್ರಕ್‌ಗಳ ಸರಣಿಗೆ ಕಾಲಿಟ್ಟದ್ದು ಇಂಥದೇ ಅರ್ಧ ಮೈಲಿಯ ಮಾರ್ಟಿನ್ಸ್‌ವಿಲ್ ಟ್ರ್ಯಾಕ್‌ನಲ್ಲಿ. ಮೊದಲ ರೇಸ್‌ನಲ್ಲಿ 13ನೆಯವರಾದ ಅವರನ್ನು ಆ ವರ್ಷದ ಕೊನೆಗೆ ಅಭಿಮಾನಿಗಳು ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕನಾಗಿ ಆರಿಸಿದರು.

ಹೀಗೆ ಮುಟ್ಟುವುದಕ್ಕೆ ಅನುಮತಿ ಇರುವ ಆಟದಲ್ಲಿ ಅನ್ಯಾಯ ಎಲ್ಲಿಂದ ಶುರುವಾಗುತ್ತದೆ? 1999ರ ಆಗಸ್ಟ್‌ನಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಆ ಕಾಲದ ತಾರಾ ಚಾಲಕ ಡೇಲ್ ಅರ್ನ್‌ಹಾರ್ಟ್ ಕೊನೆಯ ಸುತ್ತಿನಲ್ಲಿ ಟೆರಿ ಲಬಾಂಟಿ ಅವರಿಗೆ ಗುದ್ದಿ ತಿರುಗಿಸಿ ಗೆದ್ದರು. ಅವನನ್ನು ತಿರುಗಿಸುವ ಉದ್ದೇಶವಿರಲಿಲ್ಲ, ಸ್ವಲ್ಪ ಅಲುಗಾಡಿಸಬೇಕೆಂದಿದ್ದೆ ಎಂಬರ್ಥದ ಅವರ ವಿವರಣೆ ಇಂದಿಗೂ ಪ್ರಸಿದ್ಧ. ಪ್ರೇಕ್ಷಕರು ಛೀಮಾರಿ ಹಾಕಿದರು, ಗೆಲುವು ಉಳಿಯಿತು, ಶಿಕ್ಷೆಯಾಗಲಿಲ್ಲ. ರಿಚ್ಮಂಡ್‌ನ ಮೊದಲ ಗುದ್ದಿಗೂ ಬ್ರಿಸ್ಟಲ್‌ನ ಗುದ್ದಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಡಿಲನ್ ಅವರನ್ನು ನಿಜವಾಗಿ ಮುಳುಗಿಸಿದ್ದು ಎರಡನೆಯದು, ಹ್ಯಾಮ್ಲಿನ್ ಅವರ ಬಲ ಹಿಂಬದಿಗೆ ಬಿದ್ದದ್ದು.

ಓವಲ್‌ನಲ್ಲಿ ಕಾರುಗಳು ಸದಾ ಎಡಕ್ಕೆ ತಿರುಗುತ್ತವೆ. ಹೊರಗೋಡೆ ಬಲಗಡೆ ಇರುತ್ತದೆ. ಹಿಂದಿನಿಂದ ಎಡ ಮೂಲೆಗೆ ತಾಗಿದರೆ ಮುಂದಿನ ಕಾರಿನ ಮೂತಿ ಎಡಕ್ಕೆ, ಅಂದರೆ ಒಳ ಮೈದಾನದ ಕಡೆಗೆ ಹೊರಳುತ್ತದೆ. ಕಾರು ಗಿರಗಿರನೆ ಸುತ್ತುತ್ತಾ, ಟೈರುಗಳನ್ನು ಉಜ್ಜಿಕೊಳ್ಳುತ್ತಾ ವೇಗ ಕಳೆದುಕೊಳ್ಳಲು ಅವಕಾಶವಿರುತ್ತದೆ. ಗೋಡೆಗೆ ಬಡಿದರೂ ಅನೇಕ ಸಲ ಹಿಂಭಾಗವೇ ಮೊದಲು ಬಡಿಯುತ್ತದೆ. ಬಲ ಮೂಲೆಗೆ ತಾಗಿದರೆ ಮೂತಿ ಬಲಕ್ಕೆ ಮುರಿದುಕೊಂಡು ಕಾರು ಪೂರ್ಣ ವೇಗದಲ್ಲಿ ನೇರವಾಗಿ ಗೋಡೆಯ ಕಡೆಗೆ ಧಾವಿಸುತ್ತದೆ. ಚಾಲಕನಿಗೆ ಸ್ಟಿಯರಿಂಗ್ ತಿರುಗಿಸಲು ಸಮಯವೂ ಇರುವುದಿಲ್ಲ, ವೇಗ ಇಳಿಯಲು ಜಾಗವೂ ಇರುವುದಿಲ್ಲ. ಈ ಕಾರಣಕ್ಕೇ 2022ರಲ್ಲಿ ಲಾಸ್ ವೇಗಸ್‌ನಲ್ಲಿ ಕೈಲ್ ಲಾರ್ಸನ್ ಅವರನ್ನು ಹೀಗೆ ಗೋಡೆಗೆ ಕಳಿಸಿದ ಬಬ್ಬಾ ವಾಲೇಸ್ ಅವರಿಗೂ, 2023ರಲ್ಲಿ ಷಾರ್ಲಟ್‌ನಲ್ಲಿ ಹ್ಯಾಮ್ಲಿನ್ ಅವರಿಗೆ ಅದನ್ನೇ ಮಾಡಿದ ಚೇಸ್ ಎಲಿಯಟ್ ಅವರಿಗೂ ಒಂದೊಂದು ರೇಸ್ ಅಮಾನತಾಯಿತು. ಎಲಿಯಟ್ ಈ ಕ್ರೀಡೆಯ ಅತ್ಯಂತ ಜನಪ್ರಿಯ ಚಾಲಕ ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅಷ್ಟರ ಮಟ್ಟಿಗೆ ನಾಸ್ಕಾರ್ ಮೆಚ್ಚುಗೆಗೆ ಅರ್ಹ. ಇಂಥ ಪ್ರಕರಣಗಳಲ್ಲಿ ಅಧಿಕಾರಿಗಳು ವಿಡಿಯೊ ಮಾತ್ರ ನೋಡುವುದಿಲ್ಲ. ಪ್ರತಿ ಕಾರಿನ ಸ್ಟಿಯರಿಂಗ್ ಯಾವ ಕ್ಷಣದಲ್ಲಿ ಯಾವ ಕಡೆ ಎಷ್ಟು ತಿರುಗಿತು, ಬ್ರೇಕ್ ಮತ್ತು ಥ್ರಾಟಲ್ ಎಷ್ಟು ಒತ್ತಲ್ಪಟ್ಟವು ಎಂಬ ದತ್ತಾಂಶವೂ ಅವರ ಕೈಯಲ್ಲಿರುತ್ತದೆ. ಕಾರು ತಾನಾಗಿ ಜಾರಿತು ಎಂಬ ಸಮಜಾಯಿಷಿ ಈಗ ಹಿಂದಿನಷ್ಟು ಸುಲಭವಲ್ಲ.

ಗೋಡೆಗೆ ನೇರವಾಗಿ ಬಡಿಯುವುದರ ಬಗ್ಗೆ ಈ ಕ್ರೀಡೆಗೆ ಇಷ್ಟು ಭಯ ಇರುವುದಕ್ಕೆ ಹಿನ್ನೆಲೆಯಿದೆ. 2000ದ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕ್‌ನಲ್ಲಿ ಈ ಕ್ರೀಡೆಯ ದಂತಕಥೆ ರಿಚರ್ಡ್ ಪೆಟ್ಟಿಯವರ ಮೊಮ್ಮಗ, ಇನ್ನೂ ಹತ್ತೊಂಬತ್ತರ ಆಡಮ್ ಪೆಟ್ಟಿ ಸತ್ತರು. ಜುಲೈನಲ್ಲಿ ಅದೇ ಟ್ರ್ಯಾಕ್‌ನ ಅದೇ ತಿರುವಿನಲ್ಲಿ ಕೆನ್ನಿ ಅರ್ವಿನ್. ಅಕ್ಟೋಬರ್‌ನಲ್ಲಿ ಟೆಕ್ಸಸ್‌ನಲ್ಲಿ ಟೋನಿ ರೋಪರ್. 2001ರ ಫೆಬ್ರುವರಿ 18ರಂದು ನಾಸ್ಕಾರ್‌ನ ಅತ್ಯಂತ ಪ್ರತಿಷ್ಠಿತ ರೇಸ್ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಸ್ವತಃ ಡೇಲ್ ಅರ್ನ್‌ಹಾರ್ಟ್. ಅರ್ನ್‌ಹಾರ್ಟ್ ಅವರ ಅಪಘಾತ ಟಿವಿಯಲ್ಲಿ ಸಾಧಾರಣವಾಗಿ ಕಂಡಿತ್ತು: ಕಾರು ಪಲ್ಟಿಯಾಗಲಿಲ್ಲ, ಚೂರುಚೂರಾಗಲಿಲ್ಲ, ಗೋಡೆಗೆ ಬಡಿದು ಕೆಳಗೆ ಜಾರಿತು. ಕೊಂದದ್ದು ತಲೆಬುರುಡೆಯ ತಳಭಾಗದ ಮುರಿತ. ದೇಹ ಬೆಲ್ಟ್‌ನಿಂದ ಬಿಗಿಯಾಗಿ ನಿಂತಾಗ ಹೆಲ್ಮೆಟ್ ಹೊತ್ತ ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಡುವುದೇ ಅಂಥ ಮುರಿತಕ್ಕೆ ಸಾಮಾನ್ಯ ಕಾರಣ. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಲೆ ಮತ್ತು ಕುತ್ತಿಗೆಯನ್ನು ಹಿಡಿದಿಡುವ ಸಾಧನ ಕಡ್ಡಾಯವಾಯಿತು. 2002ರಲ್ಲಿ ಇಂಡಿಯಾನಾಪೊಲಿಸ್‌ನಿಂದ ಆರಂಭಿಸಿ ಕಾಂಕ್ರೀಟ್ ಗೋಡೆಯ ಮುಂದೆ ಉಕ್ಕಿನ ಕೊಳವೆಗಳನ್ನೂ ಅವೆರಡರ ನಡುವೆ ನೊರೆಯಂಥ ದಿಮ್ಮಿಗಳನ್ನೂ ಇಟ್ಟು ಹೊಡೆತವನ್ನು ಹೀರಿಕೊಳ್ಳುವ, ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ರೂಪಿಸಿದ ಸೇಫರ್ ತಡೆಗೋಡೆ ಬಂತು. ಅರ್ನ್‌ಹಾರ್ಟ್ ನಂತರ ಕಪ್ ಸರಣಿಯ ರೇಸ್‌ನಲ್ಲಿ ಯಾವ ಚಾಲಕನೂ ಸತ್ತಿಲ್ಲ. 2020ರ ಡೇಟೋನಾದಲ್ಲಿ ತಲೆಕೆಳಗಾದ ಕಾರಿನ ಕಿಟಕಿಯ ಜಾಗಕ್ಕೇ ಇನ್ನೊಂದು ಕಾರು ಬಡಿದರೂ ರಯಾನ್ ನ್ಯೂಮನ್ ಎರಡು ದಿನಗಳಲ್ಲಿ ಮಕ್ಕಳ ಕೈ ಹಿಡಿದು ಆಸ್ಪತ್ರೆಯಿಂದ ನಡೆದು ಹೊರಬಂದರು.

ಈ ಸಾಧನೆಗೆ ಇನ್ನೊಂದು ಮುಖವಿದೆ. ಪ್ರಾಣಭಯ ತಗ್ಗಿದಂತೆ ಗುದ್ದುವವನ ಕೈ ಹಗುರಾಗುತ್ತದೆ. 2010ರ ಆರಂಭದಲ್ಲಿ ನಾಸ್ಕಾರ್ ಅಧಿಕಾರಿಗಳೇ ಚಾಲಕರಿಗೆ ನಿಮ್ಮ ಜಗಳ ನೀವೇ ತೀರಿಸಿಕೊಳ್ಳಿ ಎಂಬ ಧಾಟಿಯಲ್ಲಿ ಹಗ್ಗ ಸಡಿಲಿಸಿದರು. ಮರುವರ್ಷವೇ ಟೆಕ್ಸಸ್‌ನ ಟ್ರಕ್ ರೇಸ್‌ನಲ್ಲಿ ಹಳದಿ ಬಾವುಟದ ಹೊತ್ತಿನಲ್ಲೇ ಎದುರಾಳಿಯನ್ನು ಗೋಡೆಗೆ ತಳ್ಳಿದ ಕೈಲ್ ಬುಷ್ ಅವರನ್ನು ಆ ವಾರಾಂತ್ಯದ ಉಳಿದ ರೇಸ್‌ಗಳಿಂದ ಹೊರಗಿಡಬೇಕಾಯಿತು. 2022ರಲ್ಲಿ ಬಂದ ಹೊಸ ತಲೆಮಾರಿನ ಕಾರಿನ ಹಿಂಭಾಗ ಅತಿ ಗಡಸಾಗಿದ್ದು, ನೋಡಲು ಸಣ್ಣದೆನಿಸುವ ಹೊಡೆತಗಳೂ ಚಾಲಕನ ತಲೆಗೆ ತಲುಪುತ್ತಿದ್ದವು. ಮಿದುಳಿಗೆ ಪೆಟ್ಟಾದ ಕರ್ಟ್ ಬುಷ್ ಅವರ ಚಾಲಕ ಜೀವನ ಆ ವರ್ಷವೇ ಮುಗಿಯಿತು. ಮರುವರ್ಷಕ್ಕೆ ಹಿಂಭಾಗದ ಚೌಕಟ್ಟನ್ನು ಬದಲಿಸಲಾಯಿತು. ಸುರಕ್ಷತೆ ಪೂರ್ತಿಯಾಯಿತು ಎನ್ನುವ ಹಂತ ಈ ಆಟದಲ್ಲಿ ಇಲ್ಲ.

ಇನ್ನು ಹಳದಿ ಬಾವುಟದ ವಿಷಯ. ಯಾರಿಗೆ ಅಪಘಾತವಾಯಿತು ಎನ್ನುವುದಕ್ಕಿಂತ ಅದರಿಂದ ಯಾರಿಗೆ ಲಾಭವಾಯಿತು ಎನ್ನುವುದು ಇಲ್ಲಿ ಮುಖ್ಯ. ಓವಲ್ ರೇಸ್‌ನಲ್ಲಿ ಅಪಘಾತವಾದೊಡನೆ ಎಲ್ಲ ಕಾರುಗಳೂ ಮುಂದೆ ನಿಧಾನವಾಗಿ ಸಾಗುವ ಪೇಸ್ ಕಾರಿನ ಹಿಂದೆ ಒಟ್ಟುಗೂಡುತ್ತವೆ. ಹತ್ತು ಸೆಕೆಂಡು ಮುಂದಿದ್ದವನ ದುಡಿಮೆ ಒಂದೇ ಕ್ಷಣದಲ್ಲಿ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ. ಸೋಲುತ್ತಿದ್ದವನಿಗೆ ಹೊಸ ಅವಕಾಶ ಹುಟ್ಟುತ್ತದೆ. ಬಹುಕಾಲ ಚಾಲಕರು ಹಳದಿ ಬಾವುಟ ಕಂಡ ಮೇಲೂ ಗೆರೆಯವರೆಗೆ ಓಡಿ ಸ್ಥಾನ ಗಳಿಸಬಹುದಿತ್ತು. 2003ರ ಸೆಪ್ಟೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಟ್ರ್ಯಾಕ್ ಮಧ್ಯೆ ನಿಂತುಹೋದ ಡೇಲ್ ಜ್ಯಾರೆಟ್ ಅವರ ಕಾರಿನ ಪಕ್ಕದಲ್ಲಿ ಉಳಿದವರು ಪೂರ್ಣ ವೇಗದಲ್ಲಿ ಹಾದುಹೋದದ್ದನ್ನು ಕಂಡು ಆ ಪದ್ಧತಿ ನಿಂತಿತು. ಅದರ ಬದಲಿಗೆ, ಒಂದು ಸುತ್ತು ಹಿಂದೆ ಬಿದ್ದವರಲ್ಲಿ ಮೊದಲಿಗನಿಗೆ ಆ ಸುತ್ತನ್ನು ಉಚಿತವಾಗಿ ಮರಳಿಸುವ ವ್ಯವಸ್ಥೆ ಬಂತು. ಪ್ರಾಣ ಉಳಿಸುವ ನಿಯಮವೇ ಹೀಗೆ ಅಪಘಾತದ ಬೆಲೆಯನ್ನು ಇನ್ನಷ್ಟು ಏರಿಸಿತು. 2004ರಲ್ಲಿ ಅಲಬಾಮಾ ರಾಜ್ಯದ ತಲಡೇಗಾದ ರೇಸ್ ಹಳದಿ ಬಾವುಟದಲ್ಲೇ ಮುಗಿದು ಜೆಫ್ ಗಾರ್ಡನ್ ಗೆದ್ದಾಗ ರೊಚ್ಚಿಗೆದ್ದ ಪ್ರೇಕ್ಷಕರು ಟ್ರ್ಯಾಕ್‌ಗೆ ಡಬ್ಬಿಗಳನ್ನು ಎಸೆದರು; ಆ ವರ್ಷದ ನಡುವಿನಲ್ಲೇ ಕಪ್ ಸರಣಿಗೆ ಹೆಚ್ಚುವರಿ ಸುತ್ತುಗಳ ನಿಯಮ ಬಂತು. ರಿಚ್ಮಂಡ್‌ನಲ್ಲಿ ಡಿಲನ್ ಮುನ್ನಡೆ ಕಳೆದುಕೊಂಡದ್ದೂ, ಅದನ್ನು ಗುದ್ದಿ ಮರಳಿ ಪಡೆಯಲು ಎರಡು ಸುತ್ತು ಸಿಕ್ಕಿದ್ದೂ ಆ ನಿಯಮದಿಂದಲೇ.

ಅಪಘಾತಕ್ಕೆ ಇಷ್ಟು ಬೆಲೆ ಇದ್ದಾಗ ಅದನ್ನು ಕೃತಕವಾಗಿ ಸೃಷ್ಟಿಸುವವರು ಹುಟ್ಟದೆ ಇರುತ್ತಾರೆಯೇ? 2013ರ ಸೆಪ್ಟೆಂಬರ್ 7ರಂದು, ಮತ್ತೆ ರಿಚ್ಮಂಡ್‌ನಲ್ಲೇ, ಏಳು ಸುತ್ತು ಬಾಕಿ ಇದ್ದಾಗ ರಯಾನ್ ನ್ಯೂಮನ್ ಮುಂದಿದ್ದರು. ಅವರು ಗೆದ್ದರೆ ಮಾರ್ಟಿನ್ ಟ್ರೂಯೆಕ್ಸ್ ಅವರಿಗೆ ಪ್ಲೇಆಫ್ ಕೈತಪ್ಪುತ್ತಿತ್ತು. ಆ ಹೊತ್ತಿನಲ್ಲಿ ಟ್ರೂಯೆಕ್ಸ್ ಅವರದೇ ತಂಡದ ಕ್ಲಿಂಟ್ ಬೋಯರ್, ಕೈ ತುರಿಸುತ್ತಿದೆಯೇ ಎಂಬಂಥ ಅಸಂಬದ್ಧ ಮಾತುಗಳು ರೇಡಿಯೊದಲ್ಲಿ ಕೇಳಿದ ಬೆನ್ನಿಗೇ ಏಕಾಂಗಿಯಾಗಿ ಗಿರಕಿ ಹೊಡೆದು ಹಳದಿ ಬಾವುಟ ತರಿಸಿದರು. ನ್ಯೂಮನ್ ಪಿಟ್ ನಿಲುಗಡೆಯಲ್ಲಿ, ಅಂದರೆ ಟೈರ್ ಮತ್ತು ಇಂಧನಕ್ಕಾಗಿ ನಿಲ್ಲುವ ಜಾಗದಲ್ಲಿ, ಹಿಂದೆ ಬಿದ್ದರು. ಅಷ್ಟೇ ಅಲ್ಲ, ಅದೇ ತಂಡದ ಬ್ರಯನ್ ವಿಕರ್ಸ್ ಅವರನ್ನು ಸ್ಪಷ್ಟ ಕಾರಣವಿಲ್ಲದೆ ಪಿಟ್‌ಗೆ ಕರೆಯಲಾಯಿತು. ಮೈಕಲ್ ವಾಲ್‌ಟ್ರಿಪ್ ರೇಸಿಂಗ್ ತಂಡಕ್ಕೆ 3 ಲಕ್ಷ ಡಾಲರ್ ದಂಡ ಬಿತ್ತು, ಟ್ರೂಯೆಕ್ಸ್ ಹೊರಬಿದ್ದು ನ್ಯೂಮನ್ ಒಳಬಂದರು, ಅನ್ಯಾಯವಾಯಿತೆಂದು ಜೆಫ್ ಗಾರ್ಡನ್ ಅವರನ್ನು 13ನೆಯವರಾಗಿ ಸೇರಿಸಲಾಯಿತು. ಗಮನಿಸಬೇಕಾದದ್ದು ಇದು: ಬೋಯರ್ ಬೇಕೆಂದೇ ಗಿರಕಿ ಹೊಡೆದರೆಂದು ನಾಸ್ಕಾರ್ ಸಾಬೀತು ಮಾಡಲಿಲ್ಲ. ಶಿಕ್ಷೆಗೆ ಆಧಾರವಾದದ್ದು ವಿಕರ್ಸ್ ಅವರಿಗೆ ಪಿಟ್‌ಗೆ ಬರಲು ಹೇಳಿದ ರೇಡಿಯೊ ಮಾತು. ಇಡೀ ಜಗತ್ತು ಕಂಡದ್ದು ಒಂದು, ಕೈಗೆ ಸಿಕ್ಕ ಸಾಕ್ಷ್ಯ ಇನ್ನೊಂದು. ಪ್ರತಿ ಚಾಲಕನೂ ತನ್ನ ನೂರಕ್ಕೆ ನೂರು ಪ್ರಯತ್ನ ಹಾಕಬೇಕೆಂಬ ನಿಯಮ ಅದರ ನಂತರ ಬರಹಕ್ಕಿಳಿಯಿತು.

ಮನಸ್ಸಿನ ಉದ್ದೇಶವನ್ನು ಅಳೆಯಲಾಗದು ಎಂಬ ಕಷ್ಟದಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಗೆರೆ ಎಳೆಯುವುದು. ನೋ-ಬಾಲ್ ಕೊಡುವ ಅಂಪೈರ್ ಬೌಲರ್‌ನ ಮನಸ್ಸಿನಲ್ಲಿ ಏನಿತ್ತೆಂದು ಕೇಳುವುದಿಲ್ಲ, ಕಾಲು ಎಲ್ಲಿ ಬಿತ್ತೆಂದು ನೋಡುತ್ತಾನೆ. ಡೇಟೋನಾ ಮತ್ತು ತಲಡೇಗಾದಲ್ಲಿ 2001ರಿಂದ ಅಂಥದೇ ಒಂದು ಹಳದಿ ಗೆರೆಯಿದೆ: ಅದರ ಕೆಳಗಿಳಿದು ಯಾರನ್ನೂ ದಾಟುವಂತಿಲ್ಲ. 1987ರಲ್ಲಿ ತಲಡೇಗಾದಲ್ಲಿ ಬಾಬಿ ಆಲಿಸನ್ ಅವರ ಕಾರು ಗಾಳಿಗೆದ್ದು ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿದ ಮೇಲೆ, 1988ರಿಂದ ಈ ಎರಡು ಟ್ರ್ಯಾಕ್‌ಗಳಲ್ಲಿ ಎಂಜಿನ್‌ಗೆ ಹೋಗುವ ಗಾಳಿಯನ್ನು ತಟ್ಟೆಯೊಂದರಿಂದ ತಡೆದು ವೇಗ ತಗ್ಗಿಸಲಾಗಿತ್ತು. ಎಲ್ಲರ ಶಕ್ತಿಯೂ ಸಮನಾದ್ದರಿಂದ ಯಾರೂ ಯಾರಿಂದಲೂ ಕಳಚಿಕೊಳ್ಳಲಾಗದೆ ಕಾರುಗಳು ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ಒಂದೇ ಹಿಂಡಾಗಿ ಓಡತೊಡಗಿದವು. ಒಬ್ಬ ತಪ್ಪಿದರೆ ಇಪ್ಪತ್ತು ಕಾರು ನುಜ್ಜುಗುಜ್ಜು. ಆ ಹಿಂಡು ಕೆಳಕ್ಕೆ ಹರಡದಿರಲೆಂದು ಗೆರೆ ಬಂತು.

2008ರಲ್ಲಿ ತಲಡೇಗಾದ ಕೊನೆಯ ಕ್ಷಣದಲ್ಲಿ ರೀಗನ್ ಸ್ಮಿತ್ ಗೆರೆಯ ಕೆಳಗಿಳಿದು ಟೋನಿ ಸ್ಟೀವರ್ಟ್ ಅವರನ್ನು ದಾಟಿ ಮೊದಲಿಗರಾದರು. ತನ್ನನ್ನು ಕೆಳಕ್ಕೆ ತಳ್ಳಲಾಯಿತೆಂಬ ಅವರ ವಾದವನ್ನು ಒಪ್ಪದೆ ಗೆಲುವನ್ನು ಸ್ಟೀವರ್ಟ್ ಅವರಿಗೆ ಕೊಟ್ಟು ಸ್ಮಿತ್ ಅವರನ್ನು 18ನೇ ಸ್ಥಾನಕ್ಕೆ ಇಳಿಸಲಾಯಿತು. ಆರೇಳು ತಿಂಗಳ ನಂತರ, 2009ರ ಏಪ್ರಿಲ್‌ನಲ್ಲಿ, ಅದೇ ಟ್ರ್ಯಾಕ್‌ನ ಕೊನೆಯ ಓಟದಲ್ಲಿ ಕಾರ್ಲ್ ಎಡ್ವರ್ಡ್ಸ್ ಕೆಳಕ್ಕೆ ಸರಿದು ತಡೆದಾಗ ಒಳಬದಿಯಲ್ಲಿದ್ದ ಬ್ರಾಡ್ ಕೆಸಲೋಸ್ಕಿ ಗೆರೆಯ ಕೆಳಗೆ ಇಳಿಯಲಿಲ್ಲ, ಜಾಗ ಬಿಟ್ಟುಕೊಡಲಿಲ್ಲ. ಇಳಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎಡ್ವರ್ಡ್ಸ್ ಅವರ ಕಾರು ಮೇಲೆದ್ದು ಇನ್ನೊಂದು ಕಾರಿಗೆ ಬಡಿದು ಪ್ರೇಕ್ಷಕರ ಬೇಲಿಗೆ ಹಾರಿತು. ಚೂರುಗಳು ಸಿಡಿದು ಹಲವರು ಗಾಯಗೊಂಡರು. ಎಡ್ವರ್ಡ್ಸ್ ಕಾರಿನಿಂದಿಳಿದು ಅಂತಿಮ ಗೆರೆಯನ್ನು ಓಡಿಯೇ ದಾಟಿದರು. ನಿಯಮ ಯಾರ ತಪ್ಪನ್ನೂ ಹಿಡಿಯಲಿಲ್ಲ, ಯಾಕೆಂದರೆ ಇಬ್ಬರೂ ನಿಯಮದೊಳಗೇ ಇದ್ದರು. ಅಪಘಾತ ತಡೆಯಲು ಎಳೆದ ಗೆರೆ ಚಾಲಕನಿಂದ ತಪ್ಪಿಸಿಕೊಳ್ಳುವ ಜಾಗವನ್ನೇ ಕಸಿದುಕೊಂಡಿತ್ತು.

ಕಾರಿನ ತಾಂತ್ರಿಕ ತಪಾಸಣೆಯಲ್ಲಿ ಈ ತೊಡಕು ಕಡಿಮೆ, ಏಕೆಂದರೆ ಅಲ್ಲಿ ಎಲ್ಲವನ್ನೂ ಅಳೆಯಬಹುದು. 1949ರ ಜೂನ್‌ನಲ್ಲಿ ಷಾರ್ಲಟ್‌ನಲ್ಲಿ ನಡೆದ ಈ ಸರಣಿಯ ಮೊಟ್ಟಮೊದಲ ರೇಸ್‌ನಲ್ಲೇ, ಕಳ್ಳಭಟ್ಟಿ ಸಾಗಿಸುವವರ ಪದ್ಧತಿಯಲ್ಲಿ ಹಿಂದಿನ ಸ್ಪ್ರಿಂಗ್‌ಗಳನ್ನು ಬಲಪಡಿಸಿದ್ದಕ್ಕೆ ಮೊದಲು ಬಂದ ಗ್ಲೆನ್ ಡನವೇ ಅನರ್ಹರಾಗಿ ಜಿಮ್ ರೋಪರ್ ವಿಜೇತರಾದರು. ಆದರೆ 1960ರ ನಂತರ ದಶಕಗಳ ಕಾಲ, ಟ್ರ್ಯಾಕ್‌ನಿಂದ ಮನೆಗೆ ಹೊರಟ ಪ್ರೇಕ್ಷಕನಿಗೆ ಗೆದ್ದವರು ಯಾರೆಂದು ಗೊತ್ತಿರಬೇಕು ಎಂಬ ವಾದದಡಿ, ದೋಷವಿದ್ದ ಕಾರಿಗೂ ಗೆಲುವನ್ನು ಉಳಿಸಿ ದಂಡ ಮಾತ್ರ ಹಾಕಲಾಗುತ್ತಿತ್ತು. 2019ರಲ್ಲಿ ನೀತಿ ಬದಲಾಯಿತು, 2022ರಲ್ಲಿ ಪೊಕೊನೊದಲ್ಲಿ ಮೊದಲ ಎರಡು ಸ್ಥಾನ ಪಡೆದ ಹ್ಯಾಮ್ಲಿನ್ ಮತ್ತು ಕೈಲ್ ಬುಷ್ ಇಬ್ಬರೂ ಕಾರಿನ ಮೂತಿಗೆ ಅಂಟಿಸಿದ ಟೇಪ್‌ನ ಕಾರಣಕ್ಕೆ ಅನರ್ಹರಾದರು. ರಿಚ್ಮಂಡ್ ತೀರ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟೇಪ್ ಗೆಲುವನ್ನೇ ಕಸಿಯಿತು, ಎದುರಾಳಿಯನ್ನು ಗೋಡೆಗೆ ಕಳಿಸಿದ್ದು ಕಸಿಯಲಿಲ್ಲ.

ಬಹುಮಾನದ ಪ್ರಶ್ನೆಗೆ ಬರೋಣ. ಅರ್ನ್‌ಹಾರ್ಟ್ ಬ್ರಿಸ್ಟಲ್‌ನಲ್ಲಿ ಗುದ್ದಿದ ಕಾಲದಲ್ಲಿ ಗೆದ್ದವನಿಗೆ 175 ಅಂಕ, ಎರಡನೆಯವನಿಗೆ 170. ಗುದ್ದಿ ಗೆಲ್ಲುವುದರಿಂದ ಮರ್ಯಾದೆಯೋ ಅಪಕೀರ್ತಿಯೋ ಬರುತ್ತಿತ್ತೇ ಹೊರತು ಚಾಂಪಿಯನ್‌ಶಿಪ್ ಅಲುಗುತ್ತಿರಲಿಲ್ಲ. 2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ರೇಸ್ ಗೆದ್ದು ಚಾಂಪಿಯನ್ ಆದಾಗ, ಎಂಟು ಗೆದ್ದ ನ್ಯೂಮನ್ ಆರನೆಯವರಾದಾಗ, ಗೆಲುವಿಗೆ ಬೆಲೆಯಿಲ್ಲವೆಂಬ ಕೂಗೆದ್ದಿತು. 2004ರಲ್ಲಿ ಕೊನೆಯ ಹತ್ತು ರೇಸ್‌ಗಳ ಪ್ಲೇಆಫ್ ಬಂತು. 2014ರಲ್ಲಿ ಮೂರು ಮೂರು ರೇಸ್‌ಗಳಿಗೊಮ್ಮೆ ನಾಲ್ವರನ್ನು ಹೊರಹಾಕಿ ಕೊನೆಯ ಒಂದೇ ರೇಸ್‌ನಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪದ್ಧತಿ, ಒಂದು ಗೆಲುವಿಗೆ ಪ್ರವೇಶ. ಆ ಮೊದಲ ವರ್ಷವೇ ಒಂದೂ ರೇಸ್ ಗೆಲ್ಲದ ನ್ಯೂಮನ್, ಫೀನಿಕ್ಸ್‌ನ ಕೊನೆಯ ತಿರುವಿನಲ್ಲಿ ಕೈಲ್ ಲಾರ್ಸನ್ ಅವರನ್ನು ಗೋಡೆಗೆ ಒತ್ತಿ ಬೇಕಿದ್ದ ಒಂದು ಸ್ಥಾನ ಪಡೆದು ಅಂತಿಮ ನಾಲ್ವರಲ್ಲಿ ಸೇರಿಕೊಂಡರು. 2022ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಎರಡು ಸ್ಥಾನ ಬೇಕಿದ್ದ ರಾಸ್ ಚಾಸ್ಟೇನ್ ಬ್ರೇಕ್ ಮುಟ್ಟದೆ ಕಾರನ್ನು ಗೋಡೆಗೆ ಉಜ್ಜಿಕೊಂಡೇ ಓಡಿಸಿ ಐದು ಕಾರುಗಳನ್ನು ದಾಟಿದರು. ಬಾಲ್ಯದ ವಿಡಿಯೊ ಗೇಮ್‌ನಲ್ಲಿ ಕಲಿತ ಉಪಾಯವಂತೆ. ಜನ ಕುಣಿದಾಡಿದರು, ನಾಸ್ಕಾರ್ ಸ್ಥಾನವನ್ನು ಉಳಿಸಿತು, ಕೆಲವು ತಿಂಗಳ ನಂತರ ಇನ್ನು ಮುಂದೆ ಇದು ಶಿಕ್ಷಾರ್ಹ ಎಂದಿತು. 2024ರ ನವೆಂಬರ್‌ನಲ್ಲಿ ಅಲ್ಲೇ ಕ್ರಿಸ್ಟೋಫರ್ ಬೆಲ್ ಕಾರು ಜಾರಿ ಗೋಡೆಗೆ ತಾಗಿತೆಂದು ಹೇಳಿಕೊಂಡರೂ ಅದೇ ಕಾರಣಕ್ಕೆ ಅಂತಿಮ ನಾಲ್ವರಿಂದ ಹೊರಬಿದ್ದರು. ಅದೇ ರೇಸ್‌ನಲ್ಲಿ ತಮ್ಮದೇ ಕಾರು ತಯಾರಿಕಾ ಕಂಪನಿಯ ಇನ್ನೊಬ್ಬ ಚಾಲಕನಿಗೆ ನೆರವಾಗಲು ಓಟವನ್ನು ತಿರುಚಿದ್ದಕ್ಕೆ ಮೂರು ತಂಡಗಳಿಗೆ ತಲಾ 1 ಲಕ್ಷ ಡಾಲರ್ ದಂಡ ಬಿತ್ತು.

ಆ ಋತುವಿನ ಚಾಂಪಿಯನ್ ಯಾರೆಂದರೆ ರಿಚ್ಮಂಡ್‌ನಲ್ಲಿ ಗಿರಕಿ ಹೊಡೆದ ಲೊಗಾನೊ. ಪ್ಲೇಆಫ್ ನಡುವೆ ಅವರು ಹೊರಬಿದ್ದೇಬಿಟ್ಟಿದ್ದರು. ಅಲೆಕ್ಸ್ ಬೌಮನ್ ಅವರ ಕಾರು ಕನಿಷ್ಠ ತೂಕಕ್ಕಿಂತ ಹಗುರಾಗಿದೆಯೆಂದು ತಪಾಸಣೆಯಲ್ಲಿ ಗೊತ್ತಾಗಿ ಅವರ ಜಾಗ ಲೊಗಾನೊ ಅವರಿಗೆ ಸಿಕ್ಕಿತು. 2025ರಲ್ಲಿ ಫೀನಿಕ್ಸ್‌ನ ಅಂತಿಮ ರೇಸ್‌ನಲ್ಲಿ 200ಕ್ಕೂ ಹೆಚ್ಚು ಸುತ್ತು ಮುಂದಿದ್ದ ಹ್ಯಾಮ್ಲಿನ್ ಮೊದಲ ಚಾಂಪಿಯನ್‌ಶಿಪ್‌ಗೆ ಕೆಲವೇ ಸುತ್ತು ದೂರವಿದ್ದಾಗ ಇನ್ನೊಬ್ಬರ ಟೈರ್ ಕೈಕೊಟ್ಟು ಹಳದಿ ಬಾವುಟ ಬಂತು. ಹೆಚ್ಚುವರಿ ಸುತ್ತುಗಳಲ್ಲಿ, ಆ ದಿನ ಒಂದು ಸುತ್ತೂ ಮುಂದಿರದ ಲಾರ್ಸನ್ ಚಾಂಪಿಯನ್ ಆದರು. ಯಾರೂ ಮೋಸ ಮಾಡಿರಲಿಲ್ಲ. 2026ರಿಂದ ಒಂದು ಗೆಲುವಿಗೆ ಪ್ರವೇಶ ಎಂಬ ನಿಯಮವೂ ಹಂತಹಂತವಾಗಿ ಹೊರಹಾಕುವ ಪದ್ಧತಿಯೂ ರದ್ದಾಗಿ, ಅಂಕಪಟ್ಟಿಯ ಮೊದಲ ಹದಿನಾರು ಚಾಲಕರು ಹತ್ತು ರೇಸ್‌ಗಳ ಒಟ್ಟು ಅಂಕಗಳ ಮೇಲೆ ಸ್ಪರ್ಧಿಸುವ ವ್ಯವಸ್ಥೆ ಮರಳಿದೆ. ಈ ಲೆಕ್ಕದಲ್ಲಿ 32ನೇ ಸ್ಥಾನದ ಚಾಲಕ ಕೊನೆಯ ತಿರುವಿನಲ್ಲಿ ಇಬ್ಬರನ್ನು ಕೆಡವಿ ಗೆದ್ದರೂ ಪ್ಲೇಆಫ್‌ಗೆ ಹೋಗಲಾರ. ಹೆಚ್ಚುವರಿ ಸುತ್ತುಗಳೂ ಉಚಿತವಾಗಿ ಮರಳುವ ಸುತ್ತೂ ಮಾತ್ರ ಇದ್ದಲ್ಲೇ ಇವೆ.